ಮಾಸ್ತರರ ಸರದಿ

ಕೆಮ್ಮು ಕೇಳಿದ ಕೂಡಲೇ ತ್ರಿವೇಣಿಗೆ ಗೊತ್ತಾಯಿತು. ಎರಡು ಒಣ ಕೆಮ್ಮು, ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಒಂದು ಸದ್ದು. ಕಮಲಾಪುರದ ಶಾಲೆಯ ವರಾಂಡದಲ್ಲಿ ಈ ಕೆಮ್ಮು ಕೇಳಿಸಿತೆಂದರೆ ಆರನೇ ಕ್ಲಾಸಿನ ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ಕೂಡುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ಕಳೆದಿದ್ದರೂ ಅವಳ ಎದೆ ಝಲ್ಲೆಂದಿತು. ಮರುಕ್ಷಣ, ಹಾಗೆ ಝಲ್ಲೆಂದದ್ದಕ್ಕೇ ಅವಳಿಗೆ ಸಿಟ್ಟು ಬಂತು.

ಕಲಬುರಗಿಯ ಖೂಬಾ ಪ್ಲಾಟಿನಲ್ಲಿದ್ದ ಆ ಸಣ್ಣ ಆಸ್ಪತ್ರೆಯಲ್ಲಿ ತ್ರಿವೇಣಿ ಹನ್ನೊಂದು ವರ್ಷದಿಂದ ನರ್ಸು. ಮೂತ್ರದ ತೊಂದರೆಗೆಂದೇ ಇರುವ ಆಸ್ಪತ್ರೆ. ಮೀಸೆ ತಿರುವಿ ಊರನ್ನೇ ಆಳಿದ ಗಂಡಸರೆಲ್ಲ ಒಂದು ವಯಸ್ಸಾದ ಮೇಲೆ ಇಲ್ಲಿಗೆ ಬಂದು, ಅವಳ ಮುಂದೆ ತಲೆ ತಗ್ಗಿಸಿ, ರಾತ್ರಿ ಎಷ್ಟು ಸಲ ಏಳುತ್ತೇವೆಂದು ಪಿಸುಗುಟ್ಟುತ್ತಿದ್ದರು. ಒಂದಲ್ಲ ಒಂದು ದಿನ ಅಮರನಾಥ ಮಾಸ್ತರರೂ ಬಂದೇ ಬರುತ್ತಾರೆಂದು ಅವಳು ಕಾದಿದ್ದಳು ಎಂದರೆ ಸುಳ್ಳಲ್ಲ. ಹರಕೆ ಹೊತ್ತಿರಲಿಲ್ಲ, ಅಷ್ಟೇ.

ಬಂದರು. ಅರವತ್ತೊಂಬತ್ತು ವರ್ಷ, ಸೆಟೆದ ಬೆನ್ನು, ಹೆಗಲ ಮೇಲೆ ಜರಿಯಂಚಿನ ಶಲ್ಯ. ನಿವೃತ್ತಿಯ ದಿನ ಶಿಷ್ಯರು ಹೊದಿಸಿದ್ದಂತೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಹಿಂದೆ ಹೆಂಡತಿ ವಿದ್ಯಾವತಿ, ಆಕೆಯ ಕೈಚೀಲದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು.

"ಅಂಜಬ್ಯಾಡ್ರಿ ಮಾಸ್ತರ," ಎಂದರು ಡಾಕ್ಟರ್ ಅರುಣಕುಮಾರ. "ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ಮೂತ್ರದ ದಾರಿಯಿಂದಲೇ ಸಣ್ಣ ನಳಿಗಿ ಬಿಟ್ಟು, ಬೆಳೆದ ಪ್ರಾಸ್ಟೇಟ್ ಗ್ರಂಥಿಗಿ ಬಿಸಿ ಉಗಿ ಕೊಡ್ತೀವಿ. ಹತ್ತು ನಿಮಿಷದ ಕೆಲಸ. ಸಂಜಿಗಿ ಮನಿಗಿ ಹೋಗ್ತೀರಿ. ಗ್ರಂಥಿ ಒಂದೆರಡು ತಿಂಗಳದಾಗ ತಾನೇ ಕುಗ್ಗತದ. ಆ ಉಗಿ ಮಷೀನು ತಿಂಗಳಿಗೊಮ್ಮೆ ಹೈದರಾಬಾದಿನಿಂದ ಬರ್ತದ, ಇವತ್ತ ಬಂದದ. ಆದ್ರ ಅದಕ್ಕೂ ಮೊದಲ ಮೂತ್ರದ ಧಾರೆ ಎಷ್ಟು ಜೋರದ ಅಂತ ನೋಡೋ ಟೆಸ್ಟ್ ಆಗಬೇಕು. ನೀರು ಕುಡದು, ಪೂರಾ ತುಂಬಿದ ಮ್ಯಾಲ ಮೇಲಿನ ಕೋಣ್ಯಾಗಿನ ಮಷೀನಿನ್ಯಾಗೇ ಮಾಡಬೇಕು, ನಡುವ ಬ್ಯಾರೆ ಕಡಿ ಹೋಗಬ್ಯಾಡ್ರಿ. ಸಿಸ್ಟರ್ ಹೇಳ್ತಾರ, ಅವರು ಹೇಳಿದಂಗ ಕೇಳ್ರಿ."

ಸಿಸ್ಟರ್ ಹೇಳಿದಂಗ ಕೇಳ್ರಿ! ತ್ರಿವೇಣಿಗೆ ಡಾಕ್ಟರರ ಬಾಯಿಗೆ ಸಕ್ಕರೆ ಹಾಕಬೇಕೆನ್ನಿಸಿತು.

"ನಾನೂ ಕಮಲಾಪುರದಾಕೀನೇ ರೀ ಸರ್. ನಿಮ್ಮ ಕಡೀನೇ ಕಲ್ತೀನಿ," ಎಂದಳು.

ಮಾಸ್ತರರ ಮುಖ ಅರಳಿತು. "ನೋಡ್ರಿ ಡಾಕ್ಟರ, ನಮ್ಮ ಹುಡುಗಿ! ಅವಾಗ ನಾ ಶಿಸ್ತು ಕಲಿಸೀನಿ ಅಂತನೇ ಇವತ್ತ ಇಂಥಾ ಜಾಗಾದಾಗ ನಿಂತಾಳ."

"ನನ್ನ ನೆನಪದೇನ್ರಿ?"

"ಸಾವಿರ ಮಂದಿ ಕಲ್ತು ಹೋಗ್ಯಾರವ್ವ. ಎಲ್ಲಾರೂ ಎಲ್ಲಿ ನೆನಪಿರ್ತಾರ?"

ನೆನಪಿದೆ ಎಂದಿದ್ದರೆ, ಒಂದು ಕ್ಷಣ ಮುಖ ಸಣ್ಣದು ಮಾಡಿಕೊಂಡಿದ್ದರೆ, ಅವಳು ಬಿಟ್ಟುಬಿಡುತ್ತಿದ್ದಳೋ ಏನೋ. ಈ ಮನುಷ್ಯ ಮರೆತದ್ದಲ್ಲದೆ ಕೀರ್ತಿಯನ್ನೂ ತಾನೇ ಹೊಡೆದುಕೊಂಡ. ತ್ರಿವೇಣಿ ಮೇಲಿನ ಕೋಣೆಯ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ನೀರಿನ ಜಗ್ಗು ತಂದಳು.

ಅವಳಿಗೆ ಯಾವುದೂ ಮರೆತಿರಲಿಲ್ಲ. ಅಂದು ಗಣಿತದ ಪಾಠ. ಮೂರು ಸಲ ಕಿರುಬೆರಳು ಎತ್ತಿದ್ದಳು, ಮೂರು ಸಲವೂ ಮಾಸ್ತರರು "ಪಾಠ ಮುಗೀಲಿ, ಕೂಡು" ಎಂದಿದ್ದರು. ಹನ್ನೆರಡು ವರ್ಷದ ಹುಡುಗಿ ಎಷ್ಟೆಂದು ತಡೆದಾಳು? ಲೆಕ್ಕ ಮಾಡಲು ಬೋರ್ಡಿನ ಹತ್ತಿರ ಕರೆದಾಗ ಎಲ್ಲರ ಕಣ್ಣೆದುರೇ ಲಂಗ ಒದ್ದೆಯಾಯಿತು. "ನೋಡ್ರೋ, ತ್ರಿವೇಣಿ ಸಂಗಮ ಆತು!" ಎಂದು ಮಾಸ್ತರರು ನಕ್ಕರು. ಅವರು ನಕ್ಕ ಮೇಲೆ ಕ್ಲಾಸು ನಗದೆ ಬಿಟ್ಟೀತೇ? ಅಷ್ಟಕ್ಕೇ ಬಿಡಲಿಲ್ಲ. ಅವಳ ಪಾಟಿಚೀಲ ಖಾಲಿ ಮಾಡಿಸಿ ಅದರಿಂದಲೇ ನೆಲ ಒರೆಸಿಸಿದರು. ಹಿಟ್ಟಿನ ಚೀಲ ಕತ್ತರಿಸಿ ಅವ್ವ ಹೊಲಿದುಕೊಟ್ಟ ಚೀಲವದು.

ಹತ್ತನೇ ಕ್ಲಾಸು ಮುಗಿಯುವವರೆಗೂ ಹುಡುಗರು ಅವಳನ್ನು 'ಸಂಗಮ' ಎಂದೇ ಕರೆದರು. ಅವಳು ಶಾಲೆಗೆ ಹೋಗುವ ಮುಂಚೆ ನೀರು ಕುಡಿಯುವುದನ್ನೇ ಬಿಟ್ಟಳು, ಆ ಚಟ ಕಾಲೇಜಿಗೂ ಬಂತು. ಹತ್ತೊಂಬತ್ತಕ್ಕೆ ಕಿಡ್ನಿಯಲ್ಲಿ ಹುಣಸೆಬೀಜದಷ್ಟು ಕಲ್ಲು. ನೋವಿಗೆ ನೆಲದ ಮೇಲೆ ಹೊರಳಾಡಿದ ಆ ಮಧ್ಯಾಹ್ನ ಅವಳು ದೇವರನ್ನು ನೆನೆಯಲಿಲ್ಲ, ಮಾಸ್ತರರನ್ನು ನೆನೆದಳು.

ಈಗ ಮಾಸ್ತರರು ನಾಲ್ಕನೇ ಗ್ಲಾಸು ಮುಗಿಸಿ ಹಾಲ್‌ನ ಬೆಂಚಿನ ಮೇಲೆ ಕೂತಿದ್ದರು. ಹಾಲ್ ತುಂಬ ಜನರಿದ್ದರು. ತಾನೂ ರೋಗಿಯಾಗಿ ಬಂದಿದ್ದ ಕಮಲಾಪುರದ ಪೀರಪ್ಪ, "ನಮಸ್ಕಾರ್ರಿ ಮಾಸ್ತರ," ಎಂದು ಕೈಮುಗಿದು ಅವರ ಮುಂದೆ ಕೂತಿದ್ದ. ಅರ್ಧ ಗಂಟೆಗೆ ಮಾಸ್ತರರು ಕಾಲ ಮೇಲೆ ಕಾಲು ಹಾಕಿಕೊಂಡರು. ಮುಕ್ಕಾಲು ಗಂಟೆಗೆ ಎದ್ದು ಬಂದರು.

"ಆತವ್ವ. ಹೋಗ್ಲೇನು?"

"ಇನ್ನಾ ತುಂಬಿಲ್ರಿ. ಕಡಿಮಿ ಇದ್ರ ಟೆಸ್ಟ್ ಕೆಡತದ. ಕೂಡ್ರಿ."

ಕೂತರು. ಹತ್ತು ನಿಮಿಷಕ್ಕೆ ಮತ್ತೆ ಬಂದರು. ಹಣೆಯ ಮೇಲೆ ಬೆವರು ಮೂಡಿತ್ತು.

"ತಡಿಯಾಕ ಆಗವಲ್ದು."

"ಒಳಗ ಒಬ್ಬರು ಹೋಗ್ಯಾರ. ಕೂಡ್ರಿ."

ಒಳಗೆ ಯಾರೂ ಇರಲಿಲ್ಲ. ಬೀಗದ ಕೈ ಅವಳ ಜೇಬಿನಲ್ಲೇ ಇತ್ತು. ಮಿತಿಮೀರಿ ತಡೆದರೆ ಇಂಥವರಿಗೆ ಮೂತ್ರ ಪೂರಾ ಕಟ್ಟಿಕೊಳ್ಳಬಹುದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ಒಬ್ಬ ರೋಗಿಯನ್ನೂ ಅವಳು ಹೀಗೆ ಕಾಯಿಸಿದವಳಲ್ಲ. ಗೊತ್ತಿದ್ದೂ ಅವಳು ರಿಜಿಸ್ಟರು ತೆಗೆದು, ಇಲ್ಲದ ಕೆಲಸವನ್ನು ದುಂಡಗೆ ಬರೆಯುತ್ತ ಕೂತಳು.

ಮೂರನೇ ಸಲ ಬಂದಾಗ ಮಾಸ್ತರರು ಟೇಬಲ್ಲಿನ ಅಂಚು ಗಟ್ಟಿಯಾಗಿ ಹಿಡಿದಿದ್ದರು. ದನಿ ಇಳಿದಿತ್ತು. "ಸಿಸ್ಟರ್, ಕೈ ಮುಗೀತೀನಿ."

ಅವಳು ತಲೆ ಎತ್ತಲಿಲ್ಲ. "ಬರಿಯೋದು ಮುಗೀಲಿ, ಕೂಡ್ರಿ."

ಕೂಡಲು ತಿರುಗಿದರು. ಬೆಂಚಿನವರೆಗೂ ಹೋಗಲಾಗಲಿಲ್ಲ. ಹಾಲ್‌ನ ನಟ್ಟನಡುವೆ ನಿಂತುಬಿಟ್ಟರು. ಬಿಳಿ ಧೋತರ ಒದ್ದೆಯಾಯಿತು, ಕಾಲಗುಂಟ ಇಳಿದು ನೆಲಕ್ಕೆ ಬಂತು, ನಿಲ್ಲಲೊಲ್ಲದು. ತ್ರಿವೇಣಿ ಪೆನ್ನು ಕೆಳಗಿಟ್ಟು, ಕಣ್ಣು ಮಿಟುಕಿಸದೆ, ಹೊಟ್ಟೆ ತುಂಬ ನೋಡಿದಳು. ಅವಳಿಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದೇನಿದೆ, ಜಾತ್ರೆಯಲ್ಲಿ ಬೆಂಡು-ಬತ್ತಾಸು ಸಿಕ್ಕ ಮಗುವಿಗೆ ಆಗುವಷ್ಟು ಖುಷಿಯಾಯಿತು. ಈಗ ಯಾರಾದರೂ ನಗಬೇಕು ಎಂದು ಕಾದಳು. ಯಾರೂ ನಗಲಿಲ್ಲ. ಪೀರಪ್ಪ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡ.

ವಿದ್ಯಾವತಿ ಓಡಿಬಂದು, ಸೆರಗು ಎಳೆದುಕೊಂಡು ನೆಲಕ್ಕೆ ಬಗ್ಗಿದರು.

"ನೀವು ಬ್ಯಾಡ್ರಿ ಅವ್ವ, ಏಳ್ರಿ," ತ್ರಿವೇಣಿ ಆಕೆಯ ರಟ್ಟೆ ಹಿಡಿದು ಎಬ್ಬಿಸಿದಳು. ಆಮೇಲೆ ಮಾಸ್ತರರ ಕಡೆ ತಿರುಗಿದಳು. "ಸರ್, ನೀವ ಒರಸ್ರಿ. ಹೆಗಲ ಮ್ಯಾಲ ಶಲ್ಯ ಅದಲ್ರಿ? ಅದರಲೇ ಒರಸ್ರಿ."

"ಹುಚ್ಚಿಡದದೇನವ್ವ ನಿನಗ?" ವಿದ್ಯಾವತಿ ಕೂಗಿದರು. "ಮುದುಕ ಮನಷ್ಯಾರು! ಡಾಕ್ಟರನ ಕರೀತೀನಿ ತಡಿ!"

ಕರೆಯಲಿ. ನೌಕರಿ ಹೋದರೆ ಹೋಗಲಿ ಎಂದು ತ್ರಿವೇಣಿ ಮೊದಲ ಗ್ಲಾಸು ತುಂಬಿಸುವಾಗಲೇ ತೀರ್ಮಾನಿಸಿದ್ದಳು. ಆದರೆ ಮಾಸ್ತರರು ಹೆಂಡತಿಗೆ ಕೈ ಅಡ್ಡ ಹಿಡಿದರು. ಅವರ ಕಣ್ಣು ತ್ರಿವೇಣಿಯ ಮುಖದ ಮೇಲೆ ನೆಟ್ಟಿತ್ತು. ಶಲ್ಯ ಎಂಬ ಮಾತು ಕಿವಿಗೆ ಬಿದ್ದಾಗಲೇ ಅವರಿಗೆ ಏನೋ ತಿಳಿದುಹೋಗಿತ್ತು. ಮೆಲ್ಲಗೆ ಹೆಗಲಿನಿಂದ ಶಲ್ಯ ತೆಗೆದರು, ಮಂಡಿಯೂರಿದರು, ಜರಿಯಂಚನ್ನು ಮಡಚದೆ ಹಾಗೆಯೇ ನೆಲಕ್ಕೆ ಹಾಕಿ ಒರೆಸಿದರು. ಒರೆಸಿ ಮುಗಿಸಿ, ಅಲ್ಲೇ ಕೂತು ಕೇಳಿದರು.

"ನೀ ಯಾವ ವರ್ಷದಾಕಿ ಅವ್ವ?"

ತ್ರಿವೇಣಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಈ ಗಳಿಗೆಯ ಮಾತನ್ನು ಅವಳು ಎಷ್ಟೋ ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಅವರು 'ನೀ ಯಾರು' ಎನ್ನಬೇಕು, ತಾನು ಹೆಸರು ಹೇಳಬೇಕು, ಅವರ ಮುಖ ಕಪ್ಪಿಡಬೇಕು, ಹೀಗೆಲ್ಲ. ಎದೆಯ ಮೇಲೆ ಅವಳ ಹೆಸರಿನ ಪಟ್ಟಿ ಇತ್ತು, ಅವರು ಅದನ್ನು ಓದಿಯೂ ಇದ್ದರು. ಆ ಹೆಸರಿಗೆ ತಾವು ಕಟ್ಟಿದ ನಗೆಚಾಟಿಕೆಯೂ ಅವರಿಗೆ ನೆನಪಿರಲಿಲ್ಲ. ನೆನಪಿದ್ದದ್ದು ಚೀಲ ಮಾತ್ರ. ಅದೂ ಒಂದು ಚೀಲವಲ್ಲ, ವರ್ಷವರ್ಷಕ್ಕೂ ಒಬ್ಬೊಬ್ಬರ ಚೀಲ.

"ಎಷ್ಟು ಮಂದಿ ಇದ್ರು ರೀ ಸರ್?" ಅವಳು ಕೇಳಿದಳು.

ಮಾಸ್ತರರು ಒದ್ದೆ ಶಲ್ಯ ಪಕ್ಕಕ್ಕಿಟ್ಟು ಬೆರಳು ಮಡಚಿ ಎಣಿಸತೊಡಗಿದರು. ಎರಡೂ ಕೈಯ ಬೆರಳು ಸಾಲಲಿಲ್ಲ.

ಇಷ್ಟು ವರ್ಷ ಅವಳ ಸಿಟ್ಟು ಅವಳೊಬ್ಬಳದೇ ಆಗಿತ್ತು. ಈಗ ಅದು ಕ್ಲಾಸು ಕ್ಲಾಸೇ ತುಂಬಿಕೊಂಡು ಬಂತು. ಒದ್ದೆ ಲಂಗದ ಹುಡುಗಿಯರು, ಒದ್ದೆ ಚಡ್ಡಿಯ ಹುಡುಗರು, ಮೂವತ್ತು ವರ್ಷದ ಬೆಂಚುಗಳು. ತ್ರಿವೇಣಿ ಜಗ್ಗು ಎತ್ತಿ ಗ್ಲಾಸು ತುಂಬಿಸಿ ಅವರ ಮುಂದೆ ಹಿಡಿದಳು.

"ಕುಡೀರಿ. ಟೆಸ್ಟ್ ಆಗಿಲ್ಲ. ಟೆಸ್ಟ್ ಆಗಲಾರದ ಡಾಕ್ಟರು ಉಗಿ ಕೊಡೋದಿಲ್ಲ."

ಮಾಸ್ತರರು ಎರಡೂ ಕೈಯಿಂದ ಗ್ಲಾಸು ತೆಗೆದುಕೊಂಡರು. ಒಂದು ಗುಟುಕು ಕುಡಿದು, ನೆಲದ ಮೇಲಿಂದಲೇ ಅವಳನ್ನು ನೋಡಿದರು.

"ಈ ಸಲ ಬಿಡ್ತೀಯೇನವ್ವ?"

"ಆ ಮಕ್ಕಳನ್ನೆಲ್ಲಾ ಕೇಳಿ ಹೇಳ್ತೀನಿ ರೀ," ಎಂದಳು ತ್ರಿವೇಣಿ.