ಕಸ್ಮೂರಿಯ ಹೊಸ ಟ್ವೀಟರ್‌ಗಳು

ಕೊಯ್ಲು ಮುಗಿದು ಗದ್ದೆ ಬಿರುಕು ಬಿಡುವ ಕಾಲ, ಮಧ್ಯಾಹ್ನದ ಮೂರು ಗಂಟೆ. ಬ್ಲಿತಾರ್ ಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ರುಮೀನಾಳ ಮಗಳ ಮದುವೆಗೆ ಚಪ್ಪರ ಎದ್ದಿತ್ತು. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳ ಮೇಲೆ ಹತ್ತಿ ಕೂತು ಕಸ್ಮೂರಿ, ಚೂಪಾದ ಏರುಸ್ವರ ಹೊರಡಿಸುವ ಸಣ್ಣ ಸ್ಪೀಕರುಗಳಾದ ಹೊಸ ಟ್ವೀಟರ್‌ಗಳಿಗೆ ತಿರುಪು ಬಿಗಿಯುತ್ತಿದ್ದ. ಈ ವರ್ಷದಲ್ಲಿ ಬದಲಾಯಿಸುವುದು ಇದು ಮೂರನೇ ಸಲ.

"ಹಳೇವೇ ಚೆನ್ನಾಗಿದ್ವಲ್ಲ ಮಾಸ್," ಎಂದ, ಕೆಳಗೆ ವೈರು ಹಿಡಿದಿದ್ದ ಪೈಜಾನ್. ಇಪ್ಪತ್ತಾರು ವರ್ಷದಿಂದ ಜೊತೆಗಿದ್ದವನು, ಕಸ್ಮೂರಿಯನ್ನು ಸ್ವಂತ ಅಣ್ಣನಂತೆ ಮಾಸ್ ಎಂದೇ ಕರೆಯುತ್ತಿದ್ದ.

"ಚೆನ್ನಾಗಿದ್ವಾ? ಕಂಬಳಿ ಹೊದ್ಕೊಂಡು ಹಾಡಿದ ಹಾಗಿತ್ತು. ನಿನ್ನ ಕಿವೀಲಿ ಗುಗ್ಗೆ ತುಂಬಿದೆ. ಕರೆಂಟು ಕೊಡು."

ಬೇರೆ ಸೌಂಡ್ ತಂಡದವರು ಮೀಟರ್ ಹಿಡಿದು ನೋಡುತ್ತಾರೆ. ಕಸ್ಮೂರಿ ಮಾತ್ರ ಹುಡುಗನಾಗಿದ್ದಾಗಿನಿಂದಲೂ, ಹಾಡುತ್ತಿರುವ ಟ್ವೀಟರಿನ ಬಾಯಿಗೇ ಕಿವಿ ಒತ್ತಿ ಪರೀಕ್ಷಿಸುವವನು. ಅವನು ಸರಿ ಎಂದರೆ ಸುತ್ತಲ ಹತ್ತೂರಿನಲ್ಲಿ ಎರಡು ಮಾತಿರಲಿಲ್ಲ. ಸದ್ದು ಹೊಂದಿಸುವ ಮಿಕ್ಸರಿನ ಮುಂದಿನ ಕುರ್ಚಿ ಬಿಟ್ಟರೆ ಅವನಿಗೆ ಬೇರೆ ಜಾಗ ಗೊತ್ತಿರಲಿಲ್ಲ.

ಹಾಡು ಶುರುವಾಯಿತು. ಹೆಂಗಸರ ನಡುವೆ ಕೂತು ಬಾಳೆಲೆಯಲ್ಲಿ ಕಡುಬು ಕಟ್ಟುತ್ತಿದ್ದ ಮದುಮಗಳ ಸೋದರತ್ತೆ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ಸೂರಿನಡಿ ಪಂಜರದ ಹಕ್ಕಿ ರೆಕ್ಕೆ ಬಡಿಯಿತು.

"ಏ ಕಸ್ಮೂರಿ, ಮದುವೇಗೆ ಬಂದಿದೀಯೋ, ನಮ್ಮ ಹಲ್ಲು ಕೊರೆಯೋಕೆ ಬಂದಿದೀಯೋ?"

"ನಿಂಗಿನ್ನೂ ಹಲ್ಲು ಎಲ್ಲಿವೆ ಅತ್ತೆ!" ಎಂದು ಯಾರೋ ನಕ್ಕರು.

ಕಸ್ಮೂರಿ ಟ್ವೀಟರಿಗೆ ಕಿವಿ ಒತ್ತಿದ. ಕೆಳಗಿನ ಪೆಟ್ಟಿಗೆಯ ಧಡಧಡ ತೊಡೆಗೆ ತಾಗುತ್ತಿತ್ತು. ಇದರಲ್ಲಿ ಏನೂ ಇಲ್ಲ. ಮುಂದಿನದಕ್ಕೆ ಒತ್ತಿದ. ಅದರಲ್ಲೂ ಇಲ್ಲ.

"ಇವೂ ಸತ್ತಿವೆ! ಮೋಸ ಮಾಡ್ದ ಅಂಗಡಿಯೋನು. ಇನ್ನೂ ಜಾಸ್ತಿ ಮಾಡು."

ಪೈಜಾನ್ ಜಾಸ್ತಿ ಮಾಡಲಿಲ್ಲ. ಲಾರಿಯಿಂದ ಒಂದು ತಗಡಿನ ಡಬ್ಬ ತಂದು ನೆಲಕ್ಕಿಟ್ಟ. ಕಸ್ಮೂರಿ ಹಿಂದಿನ ಎರಡು ಸಲ ಕಿತ್ತೆಸೆದ ಟ್ವೀಟರ್‌ಗಳೆಲ್ಲ ಅದರಲ್ಲಿದ್ದವು.

"ಇವೆಲ್ಲ ಜೀವಂತ ಇವೆ ಮಾಸ್. ಒಂದೊಂದನ್ನೂ ಹಚ್ಚಿ ನೋಡಿದೀನಿ."

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ?"

ಪೈಜಾನ್ ಕೈಯಲ್ಲಿದ್ದ ವೈರನ್ನೇ ಸುತ್ತುತ್ತ ನಿಂತ. "ನಿಮಗೆ ಹೇಗೆ ಹೇಳ್ಲಿ?"

ಕಸ್ಮೂರಿ ಇಳಿದು ಬಂದ. ಮಿಕ್ಸರಿನ ಮುಂದೆ ಕೂತ, ಎದ್ದ, ಮತ್ತೆ ಕೂತ. ಆಮೇಲೆ ಏರುಸ್ವರದ ಗುಂಡಿಯ ಮೇಲೆ ಬೆರಳಿಟ್ಟು, ಪೆಟ್ಟಿಗೆಗಳ ಕಡೆ ನೋಡದೆ ಹೆಂಗಸರ ಮುಖಗಳನ್ನು ನೋಡುತ್ತ ಕೂದಲೆಳೆಯಷ್ಟೇ ಇಳಿಸಿದ. ಇನ್ನೊಂದಿಷ್ಟು ಇಳಿಸಿದ. ಅತ್ತೆ ಒಂದು ಕೈ ತೆಗೆದಳು. ಇನ್ನೊಂದಿಷ್ಟು. ಅವಳು ಬಾಳೆಲೆ ಎತ್ತಿಕೊಂಡು ಕಡುಬು ಕಟ್ಟತೊಡಗಿದಳು. ಬಾಗಿಲಲ್ಲಿ ಮದುಮಗಳ ತಲೆ ತಾಳಕ್ಕೆ ತೂಗಿತು. ಬೆರಳು ಅಲ್ಲೇ ನಿಂತಿತು. ಅವನ ಮಟ್ಟಿಗೆ ಹಾಡು ಮೊದಲು ಹೇಗಿತ್ತೋ ಹಾಗೇ ಇತ್ತು.

"ಸರಿಯಾಯ್ತಾ?"

"ಸರಿಯಾಯ್ತು ಮಾಸ್."

ಎರಡು ದಿನವೂ ಹಾಗೆ ಮುಖ ನೋಡುತ್ತಲೇ ಮದುವೆ ದಾಟಿಸಿದ. ಮೂರನೇ ಬೆಳಿಗ್ಗೆ ಲಾರಿ ಮುಂದಿನೂರಿಗೆ ಹೊರಟಾಗ ಕಸ್ಮೂರಿ ಹತ್ತಲಿಲ್ಲ. ಮಿಕ್ಸರ್ ಮುಚ್ಚುವ ಬಟ್ಟೆಯನ್ನು ಮಡಚಿ, ಲಾರಿಯಲ್ಲಿ ಕೂತಿದ್ದ ಪೈಜಾನನ ತೊಡೆಯ ಮೇಲಿಟ್ಟು, ಒಣಗಿದ ಗದ್ದೆಯ ಬದುವಿನ ಮೇಲೆ ಒಬ್ಬನೇ ಮನೆ ಕಡೆ ನಡೆದ. ಅಂದು ಮಂಗಳವಾರ, ಅಲ್ಲಿಯವರ ಐದು ದಿನದ ವಾರದ ಲೆಕ್ಕದಲ್ಲಿ ಕ್ಲಿವೋನ್ ದಿನ.