ಜೀವ ಹೋದ ಜಾಗ

ಸೋಮವ್ವ ತಲೆಯ ಕಡೆ ಹಿಡಿದಿದ್ದಳು, ಮಗ ಅಮಸಿದ್ದಪ್ಪ ಕಾಲಿನ ಕಡೆ. ಇಬ್ಬರೂ ಸೇರಿ ಗಿರಮಲ್ಲಪ್ಪನ ಹೆಣವನ್ನು ಹೊಸ್ತಿಲು ದಾಟಿಸಿ, ಮಂದಿ ನೋಡಲು ಬರುತ್ತಾರೆಂದು ರೂಢಿಯಂತೆ ಅಂಗಳದ ಬೇವಿನ ಮರಕ್ಕೆ ಒರಗಿಸಿ ಕೂಡಿಸಿದರು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಓಣಿಯಲ್ಲಿ ಯಾರೂ ಎದ್ದಿರಲಿಲ್ಲ. ಸೋಮವ್ವ ಗಂಡನ ರುಮಾಲು ಸರಿಮಾಡಿ, ಹೆಗಲಿಗೆ ಕಂಬಳಿ ಹೊದಿಸಿದಳು. ಮೂವತ್ತು ವರ್ಷ ಬಾಳುವೆ ಮಾಡಿದ ಗಂಡ ಸತ್ತರೆ ಎದೆ ಒಡೆಯುತ್ತದೆ ಅಂತಾರೆ. ಅವಳಿಗೆ ಮೈಯೆಲ್ಲ ಜೋಮು ಹಿಡಿದಂತಾಗಿತ್ತು, ಅಷ್ಟೇ.

"ಎವ್ವಾ, ಒಮ್ಮೆ ಅತ್ತಬಿಡಬೇ," ಅಂದ ಅಮಸಿದ್ದಪ್ಪ.

"ಅಳತೇನಿ ತಗೋ. ಮೊದಲ ಬೀಗರಿಗೆ ಸುದ್ದಿ ಮುಟ್ಟಸು."

ಬಿಸಿಲೇರುವ ಹೊತ್ತಿಗೆ ಸಾವಳಗಿಯ ಅರ್ಧ ಊರು ಅಂಗಳದಲ್ಲಿತ್ತು. ಪಂಚಾಂಗ ನೋಡುವ ಪಾಂಡುರಂಗಾಚಾರ್ಯರೂ ಬಂದರು. ಬೆರಳು ಎಣಿಸಿ ಮುಖ ಸಣ್ಣದು ಮಾಡಿದರು.

"ಧನಿಷ್ಠಾ ನಕ್ಷತ್ರದಾಗ ಹೋಗ್ಯಾನ, ಸೋಮವ್ವಾ. ಜೀವ ಒಳಗ ಹೋಗಿದ್ರ ಆರು ತಿಂಗಳ ಮನಿ ಬಿಡಬೇಕಾಗ್ತದ. ಬಾಗಲಿಗೆ ಮುಳ್ಳ ಹಚ್ಚಿ ಎಲ್ಲಾರೂ ಹೊರಗ ಬೀಳಬೇಕು. ಹೊರಗ ಹೋಗಿದ್ರ ದೋಷ ಇಲ್ಲ. ಎಲ್ಲಿ ಹೋತು?"

ರಾತ್ರಿಯೆಲ್ಲ ಬಾಣಂತಿ ಕೋಣೆಯಲ್ಲೇ ಇದ್ದ ಸೊಸೆ ಲಗಮವ್ವ ತಿಂಗಳ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ಆಷಾಢದ ಗಾಳಿ ಬೀಸುತ್ತಿತ್ತು. ಎಲ್ಲರೂ ಸೋಮವ್ವನ ಮುಖ ನೋಡಿದರು.

*

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಮೂರನೆಯ ವರ್ಷ ಆ ಮನೆ ಎದ್ದದ್ದು. ಅಲ್ಲಿಯವರೆಗೆ ಕುರಿ ಎಲ್ಲಿ ಕೂತರೆ ಅಲ್ಲೇ ಅವರ ಸಂಸಾರ. ಗಲಗಲಿಯ ಹೊಳೆದಂಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ, ನಾಲ್ಕು ಕೋಲಿಗೆ ಕಂಬಳಿ ಕಟ್ಟಿ ಮಲಗುವವರು.

ಮನೆ ಕಟ್ಟಲು ಹೊರಗಿನವರನ್ನು ಯಾರನ್ನೂ ಕರೆಯಲಿಲ್ಲ. ಗಿರಮಲ್ಲಪ್ಪ ಮಣ್ಣು ಅಗೆದ, ಸೋಮವ್ವ ನೀರು ಹೊತ್ತಳು, ಹೊಸದಾಗಿ ಬಂದ ಸೊಸೆ ಸೀರೆ ಎತ್ತಿಕಟ್ಟಿ ಕೆಸರು ತುಳಿದಳು. ಕುರಿ ಕಾದವನಿಗೆ ಗೋಡೆಯ ಲೆಕ್ಕ ಎಲ್ಲಿ ಗೊತ್ತು? ಹಸಿ ಆರಲು ಬಿಡದೆ ಒಂದೇ ದಿನಕ್ಕೆ ಎದೆಯೆತ್ತರ ಏರಿಸಿದ. ಬೆಳಿಗ್ಗೆ ನೋಡಿದರೆ ಗೋಡೆ ಹೊಟ್ಟೆ ಬಿಟ್ಟು ಮಲಗಿತ್ತು. ಸೋಮವ್ವ ನಕ್ಕೂ ನಕ್ಕೂ ಕೊಡ ಕೆಳಗಿಟ್ಟಳು. ಅವನು ಮುನಿಸಿಕೊಂಡು ಎರಡು ದಿನ ಕುರಿಯ ಹಿಂದೆಯೇ ಹೋದ.

ಮಾಳಿಗೆಗೆ ಮಣ್ಣು ಹಾಕಿದ ದಿನ ಒಳಗೆ ಅಂಗಾತ ಮಲಗಿ, ತೊಲೆ ನೋಡುತ್ತಾ ಅಂದಿದ್ದ:

"ನಮ್ಮಪ್ಪ ಮಂದಿ ಹೊಲದಾಗ ಸತ್ತ, ಮಳಿಯಾಗ. ಅವನ ಮಾರಿ ಒರಸಾಕ ಒಂದ ಒಣಾ ಅರಬಿ ಇರಲಿಲ್ಲ. ನಾ ಮಾತ್ರ ಇಲ್ಲೇ ಸಾಯಾಂವ. ನನ್ನ ಹೊರಗ ಹಾಕಬ್ಯಾಡ."

"ಹಾಕೂದಿಲ್ರಿ. ಮೊದಲ ಎದ್ದು ಮಣ್ಣ ಹೊರ್ರಿ," ಅಂದಿದ್ದಳು.

ಆ ಮಾತು ನಡೆಸಿದ್ದಳು. ಇವತ್ತು ಕೋಳಿ ಕೂಗುವ ಹೊತ್ತಿಗೆ ಅದೇ ತೊಲೆಯ ಕೆಳಗೆ, ಅವಳ ತೊಡೆಯ ಮೇಲೆ ತಲೆಯಿಟ್ಟು ಅವನು ಹೋಗಿದ್ದ.

*

"ಎಲ್ಲಿ ಹೋತು?" ಆಚಾರ್ಯರು ಮತ್ತೆ ಕೇಳಿದರು.

ಸೋಮವ್ವ ಕೂಸನ್ನು ನೋಡಿದಳು.

"ಹೊರಗರಿ. ಒಳಗ ಉಸರ ಕಟ್ಟತೈತಿ, ಹೊರಗ ಒಯ್ಯಿರಿ ಅಂದ್ರು. ಇಲ್ಲೇ ಎರಡ ಗುಟಕ ನೀರ ಕುಡದ್ರು."

ಆಚಾರ್ಯರು ಮಗನ ಕಡೆ ತಿರುಗಿದರು. ಅಮಸಿದ್ದಪ್ಪ ತನ್ನ ಕಾಲಬೆರಳು ನೋಡುತ್ತಾ, "ಹೌದರಿ. ನಾನ ನೀರ ಹಾಕೀನಿ," ಅಂದ.

"ಪುಣ್ಯವಂತ. ಮನಿ ಉಳಿಸಿ ಹೋದ," ಅಂದರು ಆಚಾರ್ಯರು.

ಪಕ್ಕದ ಮನೆಯ ದಶರಥ ನಿಟ್ಟುಸಿರು ಬಿಟ್ಟ. "ಬಯಲಾಗ ಹುಟ್ಟಿದಾಂವ, ಬಯಲಾಗ ಹೋದ. ಅಷ್ಟ ಬಡಕೊಂಡು ಮನಿ ಕಟ್ಟಿದ್ದಕ್ಕ ಏನ ಬಂತು?"

ಸೋಮವ್ವ ಗಂಡನ ಹೆಗಲಿಂದ ಜಾರಿದ ಕಂಬಳಿಯನ್ನು ಮತ್ತೆ ಹೊದಿಸಿದಳು.

ಮಧ್ಯಾಹ್ನ ಗಂಡಸರು ಹೆಣ ಹೊತ್ತುಕೊಂಡು ಹೋದರು. ಇಳಿಹೊತ್ತಿಗೆ ಲಗಮವ್ವ ಎಣ್ಣೆ ಹಾಕಿದ ಹಣತೆ ಹಿಡಿದು ಬಂದಳು. ಹಿಂದೆ ಓಣಿಯ ಹೆಂಗಸರೆಲ್ಲ ಇದ್ದರು.

"ಅತ್ತೀ, ಜೀವ ಹೋದ ಜಾಗಾದಾಗ ದೀಪಾ ಇಡಬೇಕಂತ. ಸರಿಯಾಗಿ ತೋರಸ್ರಿ, ಎಲ್ಲಿ?"

ಸೋಮವ್ವ ಬೇವಿನ ಬುಡಕ್ಕೆ ಬೆರಳು ಮಾಡಿದಳು.

ಲಗಮವ್ವ ನೆಲ ಸಾರಿಸಿ ದೀಪ ಹಚ್ಚಿದಳು. ಗಾಳಿಗೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಮೂರನೆಯ ಸಲ ಸೋಮವ್ವ ಮನೆಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು, ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಅಡ್ಡ ಹಿಡಿದಳು. ದೀಪ ನಿಂತಿತು. ಮಣ್ಣು ಕೊಟ್ಟು ಬಂದ ಗಂಡಸರು ಒಬ್ಬೊಬ್ಬರೇ ಅದಕ್ಕೆ ಕೈಮುಗಿದು ಹೋದರು. ಕೊನೆಗೆ ಅಮಸಿದ್ದಪ್ಪ ಬಂದ. ಅವ್ವನ ಮುಖ ನೋಡದೆ, ಅವನೂ ಮುಗಿದ.