ಕಥೆಗೆ ಒತ್ತಿಸಿದ ಹೆಬ್ಬೆಟ್ಟು

ಮಾಗಡಿ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಹದಿನೆಂಟು ವರ್ಷ ಅರ್ಜಿ ಬರೆದವನು ನಾನು. ಮರಿಸ್ವಾಮಿ ಅಂದರೆ ಖಾತೆ, ಪಹಣಿ ಅಂತ ಅಲೆಯುವವರಿಗೆಲ್ಲ ಗೊತ್ತು. ಜನರ ಗೋಳನ್ನು 'ಮಾನ್ಯರೇ' ಅಂತ ಶುರು ಮಾಡಿ 'ತಮ್ಮ ವಿಧೇಯ' ಅಂತ ಮುಗಿಸುವ ಕಸುಬು, ಬಿಡುವಾದಾಗ ಕಥೆ ಗೀಚುವ ಚಟ. ನಾನು ಕಳ್ಳನಲ್ಲ ಅಂತ ಹೇಳಿಕೊಳ್ಳಲು ಈಗಲೂ ನಾಲಿಗೆ ತುರಿಸುತ್ತದೆ. ಆದರೆ ಕದ್ದಿದ್ದೇನೆ. ಅದೂ ಕಳಕೊಂಡವರ ಹೆಬ್ಬೆಟ್ಟನ್ನೇ ಒತ್ತಿಸಿಕೊಂಡು ಕದ್ದಿದ್ದೇನೆ.

೨೦೦೬ರ ಬೇಸಿಗೆಯಲ್ಲಿ ತಿಪ್ಪಸಂದ್ರದ ಕಡೆಯಿಂದ ದೊಡ್ಡಲಕ್ಷ್ಮಮ್ಮ ಬಂದರು. ಅವರ ಹೊಲದ ಪಕ್ಕ ಕಾರ್ಖಾನೆ ಏಳುತ್ತಿತ್ತು. ಕಾರ್ಖಾನೆಯ ತಂತಿಬೇಲಿ ಕೊಂಡ ಜಮೀನನ್ನು ದಾಟಿ ಇವರಿಗೆ ಉಳಿದಿದ್ದ ಹತ್ತು ಗುಂಟೆಗೂ ನುಗ್ಗಿತ್ತು. ಅಳತೆ ಮಾಡಿಸಿಕೊಡಿ ಅಂತ ಅರ್ಜಿ ಹಾಕಬೇಕಿತ್ತು. ಮೊದಲಿಂದ ಹೇಳಮ್ಮ ಅಂದೆ. ಮಹಾತಾಯಿ ನಿಜಕ್ಕೂ ಮೊದಲಿಂದಲೇ ಹೇಳಿದರು.

ಅವರ ಗಂಡ ನರಸಯ್ಯ ಏಜೆಂಟನೊಬ್ಬನ ಮಾತಿಗೆ ಮರುಳಾಗಿ, ಹೆಂಡತಿಗೆ ಹೇಳದೆ, ಹತ್ತು ಗುಂಟೆ ಬಿಟ್ಟು ಹೊಲವನ್ನೆಲ್ಲ ಕಾರ್ಖಾನೆಗೆ ಬರೆದುಕೊಟ್ಟು ಬಂದಿದ್ದ. ಆಮೇಲೆ ಹೇಳಲು ಬಾಯಿ ಬರಲಿಲ್ಲ. ಕಾರ್ಖಾನೆಯವರು ಬರುವವರೆಗೆ, ಹನ್ನೊಂದು ತಿಂಗಳು, ದಿನಾ ಬೆಳಿಗ್ಗೆ ಗುದ್ದಲಿ ಹೊತ್ತು ತನ್ನದಲ್ಲದ ಹೊಲಕ್ಕೆ ಹೋಗಿ ಗೇಯುತ್ತಿದ್ದ. ಲಕ್ಷ್ಮಮ್ಮನಿಗೆ ಸುದ್ದಿ ಮೊದಲ ದಿನವೇ ಬಸ್ಸಿನಲ್ಲಿ ಕಿವಿಗೆ ಬಿದ್ದಿತ್ತು.

"ಗೊತ್ತು ಅಂದ್ರೆ ಅವ್ರು ಸತ್ತೋಯ್ತಿದ್ರು ಕಣಪ್ಪ," ಅಂದರು. "ಅದ್ಕೆ ನಾನೂ ದಿನಾ ಬುತ್ತಿ ಹೊತ್ಕೊಂಡು ಹೋಗ್ತಿದ್ದೆ. ಈ ಸಲ ರಾಗಿ ಚೆಂದಾಗೈತೆ ಅಂತಿದ್ದೆ. ಬೇಲಿ ಬಂದ ದಿನ ಅವ್ರೇ ಬಾಯಿಬುಟ್ಟು ಅತ್ರು. ನಾನೂ ಈಗ ತಾನೆ ಕೇಳ್ದೋಳಂಗೆ ಅತ್ತೆ."

ಕೈಯಲ್ಲಿದ್ದ ಪೆನ್ನು ನಿಂತುಹೋಯಿತು.

"ಇದೊಂದು ಅರ್ಜೀಲಿ ಸೇರಿಸ್ಬ್ಯಾಡ," ಅಂದರು. "ನಂಗೆ ಗೊತ್ತಿತ್ತು ಅನ್ನೋದು ಅವ್ರಿಗೆ ಇವತ್ಗೂ ಗೊತ್ತಿಲ್ಲ. ಗೊತ್ತಾದ್ರೆ ನನ್ ಮುಂದೆ ತಲೆ ಎತ್ತಲ್ಲ."

ಮಾತು ಕೊಟ್ಟೆ. ಅರ್ಜಿಯಲ್ಲಿ ಅದನ್ನು ಬರೆಯಲಿಲ್ಲ. ಕಥೆಯಲ್ಲಿ ಬರೆದೆ. ಹೆಸರು, ಊರು ಬದಲಾಯಿಸಿ, ರಾಗಿ ತೆಗೆದು ಭತ್ತ ಹಾಕಿದೆ. ಎಷ್ಟು ಜಾಣ ನೋಡಿ!

ಕುದೂರಿನಲ್ಲಿದ್ದ ನನ್ನ ಭಾವಮೈದ ರುದ್ರಪ್ರಸಾದ್ ರಾಮನಗರದ ಬೆಟ್ಟಗಳಿಗೆ ಶೂಟಿಂಗಿಗೆ ಬರುವ ಧಾರಾವಾಹಿಯವರಿಗೆ ವ್ಯಾನು ಬಾಡಿಗೆಗೆ ಬಿಡುತ್ತಿದ್ದ. ಕಥೆ ಓದಿ ಕುಣಿದಾಡಿಬಿಟ್ಟ.

"ಭಾವ, ಇದನ್ನ ಸೀರಿಯಲ್ ಕಂಪ್ನಿಯವ್ರು ಕೊಂಡ್ಕೊಳ್ಳದೆ ಬುಟ್ರೆ ಕೇಳಿ. ಆದ್ರೆ ಬರಿಗೈಲಿ ತಕ್ಕೊಂಡು ಹೋಗ್ಬ್ಯಾಡಿ, ಅವ್ರು ಕದ್ದುಬುಡ್ತಾರೆ. ಮೊದ್ಲು ಇದು ನಂದೇ ಅಂತ ಅಫಿಡವಿಟ್ ಮಾಡಿಸ್ಕಳಿ, ಇಬ್ರು ಸಾಕ್ಷಿ ಹಾಕಿಸಿ. ಒಂದ್ ಕಾಪೀನ ನಿಮಗೆ ನೀವೇ ರಿಜಿಸ್ಟರ್ ಪೋಸ್ಟ್ ಮಾಡ್ಕೊಂಡು ಒಡೀದೆ ಮಡಗಿ, ಮೊಹರಿನ ತಾರೀಕೇ ಪುರಾವೆ ಆಯ್ತದೆ."

ನನ್ನ ಕಥೆಯನ್ನು ಯಾರೋ ಕದ್ದಾರು ಅಂತ ನನಗೆ ನಿದ್ದೆ ಕೆಟ್ಟಿತು. ಥೂ, ನನ್ನ ಜನ್ಮಕ್ಕಿಷ್ಟು.

ಅಫಿಡವಿಟ್ಟನ್ನು ನಾನೇ ಬರೆದೆ. 'ಸದರಿ ಕಥೆಯು ನನ್ನ ಸ್ವಂತ ಕಲ್ಪನೆಯಾಗಿದ್ದು, ಯಾರಿಂದಲೂ ಕೇಳಿದ್ದಲ್ಲ, ಪಡೆದದ್ದಲ್ಲ.' ಎಂಥ ಚೊಕ್ಕ ವಾಕ್ಯ! ನಮ್ಮ ಮೇಜುಗಳ ಸಾಲಿನಲ್ಲಿ ಒಂದು ರೂಢಿಯಿದೆ. ಒಬ್ಬರ ಕಾಗದಕ್ಕೆ ಸಾಕ್ಷಿ ಬೇಕಾದರೆ ಎದುರು ಕೂತ ಇನ್ನೊಬ್ಬ ಕಕ್ಷಿದಾರನನ್ನೇ ಕರೆದು ರುಜು ಹಾಕಿಸುವುದು. ಯಾರೂ ಓದುವುದಿಲ್ಲ, ಯಾರೂ ಕೇಳುವುದಿಲ್ಲ. ಮೊದಲ ಸಾಕ್ಷಿ ಪಕ್ಕದ ಮೇಜಿನವನಾದ. ನೋಟರಿ ಎದ್ದು ಹೊರಡುವ ಹೊತ್ತು, ಎರಡನೆಯವರು ಸಿಗಲಿಲ್ಲ. ಅಳತೆಯ ಅರ್ಜಿ ಏನಾಯಿತು ಅಂತ ವಿಚಾರಿಸಲು ಬಂದಿದ್ದ ದೊಡ್ಡಲಕ್ಷ್ಮಮ್ಮ ಅಲ್ಲೇ ಕೂತಿದ್ದರು.

"ನಾನು ಒತ್ತಿದ್ರೆ ನಡೀತದಾ?" ಅಂತ ಅವರೇ ಕೇಳಿದರು. "ನಮಗೋಸ್ಕರ ಎಷ್ಟು ಓಡಾಡಿದ್ದೀಯ. ಕೊಡಪ್ಪ ಇತ್ಲಾಗೆ."

ಬೇಡ ಅನ್ನಲು ಒಂದು ಗಳಿಗೆ ಸಾಕಿತ್ತು. ಶಾಯಿಯ ಡಬ್ಬಿ ಮುಂದಿಟ್ಟೆ. ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅಳಿಸಿಹೋಗದ ಹಾಗೆ ಜೋಪಾನವಾಗಿ ಒತ್ತಿದರು.

ರಿಜಿಸ್ಟರ್ ಲಕೋಟೆ ತಂದುಕೊಟ್ಟ ಪೋಸ್ಟಿನವನು, "ಏನ್ ಸ್ವಾಮೇರೆ, ನಿಮಗೆ ನೀವೇ ಕಾಗ್ದ ಬರ್ಕೊಳ್ಳೋವಷ್ಟು ಬ್ಯಾಸರವಾ?" ಅಂತ ನಕ್ಕ. ನಾನೂ ನಕ್ಕೆ. ಕಂಪನಿಯವರು ಅಫಿಡವಿಟ್ ನೋಡಿ, ಇನ್ನು ಯಾರೂ ತಕರಾರು ತೆಗೆಯುವ ಹಾಗಿಲ್ಲ ಅಂತ ಹೇಳಿ ಕಥೆ ಕೊಂಡರು.

ದೀಪಾವಳಿ ಕಳೆದ ಮೇಲೆ ಧಾರಾವಾಹಿ ಶುರುವಾಯಿತು. ಎರಡನೇ ವಾರ ದೊಡ್ಡಲಕ್ಷ್ಮಮ್ಮ ಬಂದರು. ಕೂರಲಿಲ್ಲ.

"ನಮ್ ಕಥೆ ಟೀವೀಲಿ ಬತ್ತಾ ಐತೆ ಕಣಪ್ಪ. ಯಾರೋ ಕದ್ದವ್ರೆ. ನಮ್ಮೋರು ಪಕ್ಕದ್ಮನೇಲಿ ನೋಡ್ಕೊಂಡು ಬಂದು ಮೂರು ದಿನದಿಂದ ನಂತಾವ ಮಾತಾಡ್ತಿಲ್ಲ. ನಿಂಗೆ ಮೊದ್ಲೇ ಗೊತ್ತಿತ್ತಾ, ಈ ಕಥೆ ಯಾರಿಗ್ ಹೇಳ್ದೆ ಅಂತ ಒಂದ್ಸಲ ಕೇಳಿದ್ರು, ಅಷ್ಟೆ. ಆ ಕದ್ದೋರ ಮ್ಯಾಲೊಂದು ಕಂಪ್ಲೇಂಟ್ ಬರ್ಕೊಡು."

ಬಿಳಿ ಹಾಳೆ ತೆಗೆದೆ. 'ಮಾನ್ಯರೇ' ಅಂತ ಬರೆದೆ. ಮುಂದಕ್ಕೆ ಕೈ ಓಡಲಿಲ್ಲ. ಅವರಿಗೆ ನನ್ನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಬರೆದು ಮಾರಿದ್ದು ನಾನೇ, ಅಮ್ಮ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಾನ್ ಒತ್ತಿದ್ದು ಯಾವ ಕಾಗ್ದಕ್ಕೆ?" ಅಂತ ಕೇಳಿದರು.

ಹೇಳಿದೆ. ಮೇಜಿನೊಳಗಿದ್ದ ಅಫಿಡವಿಟ್ ತೆಗೆದು ಪೂರ್ತಿ ಓದಿ ಹೇಳಿದೆ. "ಆ ಕಾಗ್ದ ತಕ್ಕೊಂಡು ನಮ್ಮೂರಿಗ್ ಬಾ," ಅಂದರು. "ಇದನ್ನೇ ನಮ್ಮೋರ ಮುಂದೆ ಓದು."

ಮಾರನೆಯ ದಿನ ತಿಪ್ಪಸಂದ್ರದಲ್ಲಿ ಬಸ್ಸಿಳಿದು ಹೋದೆ. ನರಸಯ್ಯ ಜಗಲಿಯ ಮೂಲೆಯಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಿದ್ದ. ಗಡ್ಡ ಬಂದಿತ್ತು. ನಾನು ಓದಿದೆ. 'ನನ್ನ ಸ್ವಂತ ಕಲ್ಪನೆಯಾಗಿದ್ದು, ಯಾರಿಂದಲೂ ಕೇಳಿದ್ದಲ್ಲ.' ಅವನು ಇನ್ನೊಂದು ಸಲ ಓದಿಸಿದ.

"ಅಂದ್ರೆ ಇದು ನೀವೇ ಕಟ್ಟಿದ್ದಾ ಸ್ವಾಮೇರೆ? ನಮ್ಮನೇದಲ್ವಾ?"

"ನಾನೇ ಕಟ್ಟಿದ್ದು."

"ಆ ಹೆಂಗಸ್ಗೆ ಎಲ್ಲಾ ಗೊತ್ತಿತ್ತು ಅನ್ನೋದೂವೆ?"

"ಅದೂ ಸುಳ್ಳೇ. ನಿಮ್ಮನೆಯೋರೇ ಸಾಕ್ಷಿ ಹಾಕಿದ್ದಾರೆ, ನೋಡಿ."

ಅವನು ಹೆಬ್ಬೆಟ್ಟಿನ ಗುರುತನ್ನು ಮುಟ್ಟಿ ನೋಡಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. "ಹೌದೇನೇ?" ಅಂದ.

"ಹೂಂ," ಅಂದರು ಅವರು. "ನಂಗೇನ್ ಗೊತ್ತಿತ್ತು? ಬೇಲಿ ಬಂದ ದಿನ ನೀವ್ ಹೇಳ್ದಾಗ್ಲೇ ಗೊತ್ತಾಗಿದ್ದು."

ನರಸಯ್ಯ ಮುಖವನ್ನು ಟವೆಲಿನಿಂದ ಒರೆಸಿಕೊಂಡ, ಒರೆಸುತ್ತಲೇ ನಕ್ಕ. ನನ್ನ ಎರಡೂ ಕೈ ಹಿಡಿದುಕೊಂಡು, ದೊಡ್ಡ ಮನುಷ್ಯರು ನೀವು, ಉಂಡೇ ಹೋಗಬೇಕು ಅಂದ. ಉಪ್ಪಿನ ಡಬ್ಬಿ ಎಲ್ಲಿದೆ, ಮುದ್ದೆಗೆ ಎಸರು ಇಟ್ಟೆಯಾ ಅಂತ ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗಿದ. ನಾಲ್ಕು ದಿನದಿಂದ ಮಾತಿಲ್ಲದ ಮನೆಯಲ್ಲಿ ಮಾತು ಶುರುವಾಯಿತು. ನಾನು ತಲೆ ತಗ್ಗಿಸಿಕೊಂಡು ಉಂಡೆ.

ಹೊರಟಾಗ ಲಕ್ಷ್ಮಮ್ಮ ರಸ್ತೆಯವರೆಗೆ ಬಂದರು. ನನಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಆದರೆ ನರಸಯ್ಯ ಜಗಲಿಯಿಂದ ನೋಡುತ್ತಿದ್ದ.

"ಹನ್ನೊಂದು ತಿಂಗ್ಳು ಬಾಯಿ ಕಟ್ಕೊಂಡಿದ್ದೆ," ಅಂದರು ಮೆಲ್ಲಗೆ. "ಅದೊಂದು ನಂದು ಅಂತಿತ್ತು. ಸಾಯೋ ಕಾಲಕ್ಕಾದ್ರೂ ಅವ್ರಿಗೆ ಹೇಳ್ಬೇಕು ಅನ್ಕೊಂಡಿದ್ದೆ. ಇನ್ ಹೇಳಂಗಿಲ್ಲ. ಈಗ ಅದು ನಿಂದೇ ಕಣಪ್ಪ, ಇಟ್ಕೊ."